ಗರಗಸ ಅಂದ್ರೆ ಎಂತ ಅಕ್ಕೋರೇ?

ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆ ಆಗಿರಬೇಕು. ಹಂಚಿನ ಮೇಲೆ ಮಳೆ ಹೊಯ್ಯುತ್ತಿತ್ತು. ಎರಡನೇತ್ತಿಯ, ಅಂದರೆ ಎರಡನೇ ತರಗತಿಯ, ಹುಡುಗಿಯೊಬ್ಬಳು ನನ್ನ ಎದುರು ಚಾಪೆ ಮೇಲೆ ಕೂತು ಕಾರ್ಡ್ ಓದುತ್ತಿದ್ದಳು. ಹೆಸರು ಬೇಡ, ಪುಟ್ಟಿ ಅನ್ನೋಣ. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದಳು. ಗ. ರ. ಗ. ಸ. ಆಮೇಲೆ ಒಂದು ಸಲ ಉಸಿರೆಳೆದುಕೊಂಡು ಒಟ್ಟಿಗೆ, ಗರಗಸ.

ಕಳೆದ ವರ್ಷ ಪೂರ್ತಿ ಮೊದಲ ಐದು ಅಕ್ಷರದಲ್ಲೇ ನಿಂತುಹೋಗಿದ್ದ ಮಗು ಅದು. ನನಗೆ ಎಷ್ಟು ಖುಷಿಯಾಯಿತು ಅಂದರೆ, ಎಲ್ಲರ ಹತ್ತಿರ ಚಪ್ಪಾಳೆ ಹೊಡೆಸಿದೆ. ಗೋಡೆಯ ಮೇಲಿದ್ದ ಪ್ರಗತಿ ನೋಟದಲ್ಲಿ ಅವಳ ಹೆಸರಿನ ಮುಂದೆ ಗುರುತು ಹಾಕಿದೆ. ತಿರುಗಿ ನೋಡಿದರೆ ಅವಳು ಇನ್ನೂ ಅಲ್ಲೇ ನಿಂತಿದ್ದಾಳೆ, ಕಾರ್ಡ್ ಕೈಯಲ್ಲೇ ಇದೆ.

"ಗರಗಸ ಅಂದ್ರೆ ಎಂತ ಅಕ್ಕೋರೇ?"

"ಕೊಯ್ಯೋದು ಪುಟ್ಟಿ. ಕೊಯ್ಯೋಕೆ ಇಟ್ಕೊಂಡಿರ್ತಾರಲ್ಲ, ಅದು."

"ಆದೊಳಿ?"

"ಅಲ್ಲ ಅಲ್ಲ. ಗರಗಸ. ಹೋಗು, ಮುಂದಿನ ಕಾರ್ಡ್ ತಗೋ."

ಅವಳು ಹೋದಳು. ಅಷ್ಟರಲ್ಲಿ ಒಂದನೇತ್ತಿ ಹುಡುಗನೊಬ್ಬ ಪಕ್ಕದವನ ಪಾಟಿಯ ಮೇಲೆ ನೀರು ಚೆಲ್ಲಿ ಅಳು ಶುರುವಾಗಿತ್ತು. ನಾನು ಅತ್ತ ಓಡಿದೆ.

ಇಷ್ಟೇ ನಡೆದದ್ದು. ಆದರೆ ಈ ವಾರ ಪೂರ್ತಿ ಈ ನಾಲ್ಕು ಮಾತು ನನ್ನ ತಲೆಯೊಳಗೆ ತಿರುಗುತ್ತಲೇ ಇತ್ತು. ಬಸ್ಸಿನಲ್ಲಿ, ಊಟಕ್ಕೆ ಕೂತಾಗ, ರಾತ್ರಿ ಲೈಟ್ ಆರಿಸಿದ ಮೇಲೆ. ಯಾಕೆ ಅಂದರೆ, ಆದೊಳಿ ಅಂದರೆ ಏನು ಅಂತ ನನಗೆ ಗೊತ್ತೇ ಇರಲಿಲ್ಲ. ಅರ್ಥ ಗೊತ್ತಿಲ್ಲದ ಪದಕ್ಕೆ ನಾನು 'ಅಲ್ಲ' ಅಂದುಬಿಟ್ಟಿದ್ದೆ. ಅದೂ ಎರಡು ಸಲ.

ನಾನು ಶಿರಸಿಯವಳು. ಘಟ್ಟ ಇಳಿದು ಕಾರವಾರಕ್ಕೆ ಬಂದು ಒಂದೂವರೆ ತಿಂಗಳಾಯಿತು. ಕಾಳಿ ಹೊಳೆ ಆಚೆ ಸಮುದ್ರದ ಹತ್ತಿರ ಒಂದು ಸಣ್ಣ ಕನ್ನಡ ಶಾಲೆ. ಅಲ್ಲಿ ಅತಿಥಿ ಶಿಕ್ಷಕಿ. ಒಂದರಿಂದ ಮೂರನೇತ್ತಿವರೆಗೆ ಒಂದೇ ಕೋಣೆ, 19 ಮಕ್ಕಳು. ಕಲಿಸೋದು ನಲಿಕಲಿ, ಅಂದರೆ ಮಕ್ಕಳು ಕಾರ್ಡ್ ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಕ್ರಮ. ನಮ್ಮ ದೊಡ್ಡ ಅಕ್ಕೋರು ಹಾವೇರಿ ಕಡೆಯವರು. ಸೋಮವಾರದಿಂದ ಐದು ದಿನ ಅವರಿಗೆ ತರಬೇತಿ ಇತ್ತು. ಹೋಗುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದು, "ಆ ಹುಡುಗಿ ಸ್ವಲ್ಪ ನಿಧಾನ ರೀ. ಈ ವಾರ ಮೊದಲನೇ ಮೈಲಿಗಲ್ಲು ದಾಟಿಸಿಬಿಡ್ರಿ, ಸಾಕು" ಅಂದಿದ್ದರು.

ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ಅಂಥ ಟೀಚರು ಸಿಗೋದು ಕಷ್ಟ. ಮಳೆಯಲ್ಲಿ ನೆಂದು ಬರುವ ಮಕ್ಕಳಿಗೆ ಅಂತ ಕಪಾಟಿನ ಕೆಳಗಿನ ಖಾನೆಯಲ್ಲಿ ಒಣ ಅಂಗಿ ಚಡ್ಡಿ ಮಡಚಿ ಇಟ್ಟಿರುತ್ತಾರೆ, ತಮ್ಮ ಮನೆಯಿಂದ ತಂದದ್ದು. ಪುಟ್ಟಿಯ ಬಗ್ಗೆ ಅವರು ಹೇಳಿದ್ದರಲ್ಲಿ ತಾತ್ಸಾರ ಇರಲಿಲ್ಲ, ಕಾಳಜಿಯೇ ಇತ್ತು. ಆದರೂ ಆ 'ನಿಧಾನ' ಅನ್ನೋ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಅವಳು ಆದೊಳಿ ಅಂದಾಗ, ಏನೋ ತಪ್ಪು ಹೇಳುತ್ತಿದ್ದಾಳೆ ಅಂತಲೇ ನನಗೆ ಕೇಳಿಸಿದ್ದು. ಮಗು ಬಾಯಿ ಬಿಡುವ ಮುಂಚೆಯೇ ನಾನು ತೀರ್ಮಾನ ಮಾಡಿಕೊಂಡಿದ್ದೆ.

ಮಂಗಳವಾರ ಮಧ್ಯಾಹ್ನ ಅಡುಗೆ ಕೋಣೆಗೆ ಹೋದೆ. ಬಿಸಿಯೂಟದ ಅಡುಗೆ ಅಕ್ಕ ಮಣೆ ಮೇಲೆ ಕೂತು ಮಗೇಕಾಯಿ ಹೆಚ್ಚುತ್ತಿದ್ದಳು.

"ಅಕ್ಕಾ, ಆದೊಳಿ ಅಂದ್ರೆ ಎಂತ?"

ಅವಳ ಕೈ ನಿಂತಿತು. ನನ್ನ ಮುಖ ನೋಡಿದಳು. ಆಮೇಲೆ ಎದುರಿಗಿದ್ದ ಅಲಗನ್ನು ಬೆರಳಿನಿಂದ ಟಿಣ್ ಅಂತ ತಟ್ಟಿದಳು. "ಇದೇ ಅಲ್ವಾ ಅಕ್ಕೋರೇ. ನಿಮ್ಮ ಕಡೆ ಎಂತ ಹೇಳ್ತಾರೆ?"

ನಮ್ಮ ಕಡೆ ಮೆಟ್ಟುಗತ್ತಿ ಅಂತಾರೆ. ನಮ್ಮನೆ ಅಡುಗೆ ಕೋಣೆಯಲ್ಲೂ ಒಂದಿದೆ. ಕೆಲವು ಕಡೆ ಈಳಿಗೆ ಮಣೆ ಅಂತಾರೆ. ನಾನು ಅಲ್ಲೇ ಅವಳ ಪಕ್ಕ ಕೂತೆ. ಹಲಸಿನ ಮರದ ಮಣೆ, ಕೂತು ಕೂತು ನುಣುಪಾಗಿ ನಡುವೆ ಸ್ವಲ್ಪ ತಗ್ಗಾಗಿದೆ. ಮಣೆಯ ತುದಿಯಿಂದ ಅಲಗು ಮೇಲೆದ್ದು ಕೊಕ್ಕರೆಯ ಕುತ್ತಿಗೆ ಹಾಗೆ ಮುಂದಕ್ಕೆ ಬಾಗಿದೆ. ಅದರ ತುದಿಯಲ್ಲಿ ಕಾಯಿ ತುರಿಯೋಕೆ ಅಂತ ಅಗಲವಾದ ಒಂದು ಬಿಲ್ಲೆ. ಬಿಲ್ಲೆಯ ಅಂಚಿಗೆ ಸಾಲಾಗಿ ಹಲ್ಲು.

ಹಲ್ಲು ನೋಡಿದ್ದೇ ನನಗೆ ಏನೋ ಆದಂತಾಯಿತು. ಕೊಯ್ಯುವ ಅಲಗು ಇದೆ. ಹಲ್ಲೂ ಇದೆ. ಗರಗಸ ಅನ್ನೋ ಹೆಸರೇ ಗೊತ್ತಿಲ್ಲದ ಏಳು ವರ್ಷದ ಮಗು, 'ಕೊಯ್ಯೋದು' ಅನ್ನೋ ನನ್ನ ಒಂದೇ ಮಾತು ಹಿಡಿದುಕೊಂಡು, ತನ್ನ ಮನೆಯಲ್ಲಿರುವ ಸಾಮಾನುಗಳನ್ನೆಲ್ಲ ಮನಸ್ಸಿನಲ್ಲೇ ಹುಡುಕಿ, ಅದಕ್ಕೆ ತೀರಾ ಹತ್ತಿರದ್ದನ್ನೇ ತಂದು ನನ್ನ ಮುಂದೆ ಇಟ್ಟಿತ್ತು. ಇದನ್ನು ನಿಧಾನ ಅನ್ನೋದಾ?

ಅವಳ ಮನೆಯಲ್ಲಿ ಕೊಯ್ಯೋದು ಅಂದರೆ ಮೀನು ಕೊಯ್ಯೋದು. ಬಾಂಗಡೆ, ತಾರ್ಲೆ, ಎಲ್ಲ ಆದೊಳಿಯ ಮೇಲೇ. ನಾನು ಶಿರಸಿಯಲ್ಲಿ ಬೆಳೆದವಳು. ನನಗೆ ಕೊಯ್ಯೋದು ಅಂದರೆ ಅಡಿಕೆ ಕೊಯ್ಲು, ಹೂ ಕೊಯ್ಯೋದು, ಮರ ಕೊಯ್ಯೋದು. ಒಂದೇ ಮಾತು ಆಡುತ್ತಾ ನಾವಿಬ್ಬರೂ ಬೇರೆ ಬೇರೆ ಅಂಗಳದಲ್ಲಿ ನಿಂತಿದ್ದೆವು. ಅವಳು ನನ್ನ ಅಂಗಳಕ್ಕೆ ಬರೋಕೆ ಒಂದು ಹೆಜ್ಜೆ ಇಟ್ಟಳು. ನಾನು ಬಾಗಿಲು ಹಾಕಿದೆ.

ಆ ರಾತ್ರಿ ನನ್ನದೇ ಒಂದನೇತ್ತಿ ನೆನಪಾಯಿತು. ನಮ್ಮ ಹವ್ಯಕರ ಮನೆಯಲ್ಲಿ ಅಮ್ಮನಿಗೆ ಆಯಿ ಅಂತ ಕರೆಯುತ್ತೇವೆ. ಶಾಲೆಯಲ್ಲಿ ಮಾಸ್ತರು ತಾಯಿಯ ಚಿತ್ರ ತೋರಿಸಿ ಇದು ಯಾರು ಅಂದರು. "ಆಯಿ" ಅಂದೆ. "ಆಯಿ ಅಲ್ಲ, ತಾಯಿ. ಸರಿಯಾಗಿ ಹೇಳು" ಅಂದರು. ಹೊಡೆಯಲಿಲ್ಲ, ಬೈಯಲಿಲ್ಲ. ಅವತ್ತು ಸಂಜೆ ಮನೆಗೆ ಬಂದು ಹಿತ್ತಲಲ್ಲಿದ್ದ ಅಮ್ಮನನ್ನು "ತಾಯೀ" ಅಂತ ಕೂಗಿದೆ. ಅವಳು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, "ಎಂತಾತೇ ಕೂಸೇ?" ಅಂತ ಗಾಬರಿಯಲ್ಲಿ ಕೇಳಿದಳು. ಅವಳ ಆ ಮುಖ ಈಗ ಮತ್ತೆ ಕಣ್ಣಿಗೆ ಕಟ್ಟಿದ ಹಾಗಾಯಿತು. ಇಷ್ಟು ವರ್ಷ ಅದನ್ನು ನಾನು ಮರೆತೇಬಿಟ್ಟಿದ್ದೆ. ಇಲ್ಲಿ ಕಾರವಾರದ ಮಕ್ಕಳೂ ಅಮ್ಮನಿಗೆ ಆಯಿ ಅನ್ನುತ್ತಾರೆ. ಒಂದೂವರೆ ತಿಂಗಳಿಂದ ಕೇಳುತ್ತಿದ್ದೇನೆ, ನನ್ನ ಮನೆಯ ಪದ ಅಂತ ಒಂದು ದಿನವೂ ಅವರಿಗೆ ಹೇಳಿರಲಿಲ್ಲ.

ನಲಿಕಲಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಇದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. ಆಂಧ್ರದ ರಿಷಿ ವ್ಯಾಲಿ ಶಾಲೆಗಳನ್ನು ನೋಡಿ ಬಂದ ನಮ್ಮ ಸರ್ಕಾರಿ ಶಾಲೆ ಮೇಷ್ಟ್ರುಗಳೇ ಸೇರಿ ಕಟ್ಟಿದ್ದು. 2009ರ ನಂತರ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು. ಇಲ್ಲಿ ಅ ಆ ಇ ಈ ಅಂತ ಶುರು ಮಾಡೋದಿಲ್ಲ. ಮೊದಲು ರ ಗ ಸ ದ ಅ. ಆಮೇಲೆ ಜ ವ ಮ ಬ ನ. ಬರೆಯೋಕೆ ಸುಲಭ, ಐದೇ ಅಕ್ಷರ ಬಂದರೂ ಸಾಕು, ಪದ ಕಟ್ಟಬಹುದು. ಸರ, ರಸ, ಅರಸ, ಅಗಸ, ಗರಗಸ. ಮಗು ಮೊದಲ ತಿಂಗಳಲ್ಲೇ 'ನನಗೆ ಓದೋಕೆ ಬಂತು' ಅನ್ನುತ್ತದೆ. ಒಬ್ಬೊಬ್ಬರು ತಮ್ಮ ತಮ್ಮ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತಾರೆ. ಯಾರೂ ಫೇಲ್ ಇಲ್ಲ. ಮಕ್ಕಳ ಎತ್ತರಕ್ಕೇ ಗೋಡೆ ಹಲಗೆ, ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ಅವರೇ ಮಾಡಿದ ಚಿತ್ರಗಳು. ನನಗೆ ಈ ಕ್ರಮ ತುಂಬಾ ಇಷ್ಟ. ತಪ್ಪು ಏಣಿಯದ್ದಲ್ಲ. ಏಣಿಯ ಪಕ್ಕ ಕೂತವಳು ಮಗುವಿನ ಬಾಯಿಯಿಂದ ಬಂದ ಸದ್ದಿಗೆ ಗುರುತು ಹಾಕಿದಳು, ಮಗು ಕೇಳಿದ ಪ್ರಶ್ನೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಬುಧವಾರ ಕಾರ್ಡುಗಳನ್ನೆಲ್ಲ ಪಕ್ಕಕ್ಕಿಟ್ಟೆ. ಅದೇ ಐದು ಅಕ್ಷರಗಳ ಪದಗಳನ್ನು ಗೋಡೆ ಹಲಗೆ ಮೇಲೆ ಬರೆದು, ಯಾವುದು ಯಾರಿಗೆ ಗೊತ್ತು ಅಂತ ಒಂದೊಂದಾಗಿ ಕೇಳಿದೆ. ಅರಸ, ಕತೆಯಲ್ಲಿ ಬರ್ತಾನೆ ಅಂದರು. ಸರ, ಆಯಿ ಕುತ್ತಿಗೆಯಲ್ಲಿ ಇರೋದು. ಅಗಸ ಒಬ್ಬರಿಗೂ ಗೊತ್ತಿಲ್ಲ, ಮೂರನೇತ್ತಿಯವರಿಗೂ ಇಲ್ಲ. ಆದರೆ ಅಷ್ಟೂ ಜನ ಅದನ್ನು ಗಟಗಟ ಓದುತ್ತಾರೆ, ಗುರುತು ಕೂಡ ಬಿದ್ದಿದೆ.

ಆಮೇಲೆ ಸುಮ್ನೆ ನೋಡೋಣ ಅಂತ ಗದಗ ಅಂತ ಬರೆದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ. ಅವನಪ್ಪ ಕಟ್ಟಡ ಕೆಲಸಕ್ಕೆ ಅಂತ ಸಂಸಾರ ಸಮೇತ ಇಲ್ಲಿಗೆ ಬಂದವರು. ಜೂನ್‌ನಿಂದ ಅವನ ದನಿಯನ್ನು ನಾನು ಸರಿಯಾಗಿ ಕೇಳಿರಲೇ ಇಲ್ಲ. "ಅದು ನಮ್ಮೂರ ರೀ!" ಅಂದ. ಓಡಿ ಬಂದು ಹಲಗೆಯ ಮೇಲಿನ ಆ ಮೂರು ಅಕ್ಷರಗಳನ್ನು ಅಂಗೈಯಿಂದ ಮುಟ್ಟಿದ. ಸೀಮೆಸುಣ್ಣ ಕೈಗೆ ಹತ್ತಿತು. ಅದನ್ನು ಒರೆಸಿಕೊಳ್ಳಲಿಲ್ಲ.

ಗರಗಸ ಯಾರಿಗೆ ಗೊತ್ತು ಅಂದಾಗಲೂ ಅವನೇ. ಅಪ್ಪ ಸೆಂಟ್ರಿಂಗ್ ಹಲಗೆ ಕೊಯ್ಯೋದನ್ನು ದಿನಾ ನೋಡುತ್ತಾನಲ್ಲ. ಮರದ ಸ್ಕೇಲು ತಗೊಂಡು, ಬೆಂಚಿನ ಅಂಚಿಗೆ ಒಂದು ಮೊಣಕಾಲು ಒತ್ತಿ, ಗರ್ ಗರ್ ಅಂತ ಬಾಯಲ್ಲಿ ಸದ್ದು ಮಾಡುತ್ತಾ ಹಿಂದೆ ಮುಂದೆ ಎಳೆದು ತೋರಿಸಿದ. ಪುಟ್ಟಿ ಕಣ್ಣು ಕಿರಿದು ಮಾಡಿ ಅವನ ಕೈಯನ್ನೇ ನೋಡುತ್ತಿದ್ದಳು. ಒಮ್ಮೆಲೇ, "ಕರ್ವತ!" ಅಂತ ಕೂಗಿದಳು. ಅವಳ ಜೊತೆ ಇನ್ನೂ ಮೂರ್ನಾಲ್ಕು ಮಕ್ಕಳು, "ಹೌದು ಅಕ್ಕೋರೇ, ಕರ್ವತ, ಕರ್ವತ!"

ಕೊಂಕಣಿಯಲ್ಲಿ ಗರಗಸಕ್ಕೆ ಕರ್ವತ. ಅವರಿಗೆಲ್ಲ ಆ ಸಾಮಾನು ಚೆನ್ನಾಗೇ ಗೊತ್ತಿತ್ತು. ಅದಕ್ಕೆ ಇನ್ನೊಂದು ಹೆಸರಿದೆ ಅನ್ನೋದು ಮಾತ್ರ ಗೊತ್ತಿರಲಿಲ್ಲ. ಈ ಸಲ ನಾನು ಅಲ್ಲ ಅನ್ನಲಿಲ್ಲ. "ಹೌದು, ಕರ್ವತ" ಅಂದೆ. ಪುಟ್ಟಿ ನನ್ನ ಕಡೆ ನೋಡಿದ್ದು ಒಂದೇ ಒಂದು ಸಲ. ಆ ನೋಟದಲ್ಲಿ ದೂರು ಏನೂ ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಸಮಾಧಾನ ಆಗುತ್ತಿತ್ತೇನೋ.

ಗುರುವಾರ ಮಳೆ ರಜೆ. ಬೆಳಿಗ್ಗೆಯೇ ಡಿಸಿಯವರ ಆದೇಶ ವಾಟ್ಸಾಪ್‌ನಲ್ಲಿ ಬಂತು. ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಿತು. ಅಂಗಡಿಗೆ ಅಂತ ಹೊರಟವಳು ಪುಟ್ಟಿಯ ಮನೆ ಕಡೆ ತಿರುಗಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಟ್ರಾಲರ್ ಮೇಲೆ ಕೆಲಸಕ್ಕೆ ಹೋಗುವ ಅವಳಪ್ಪ ಮನೆಯಲ್ಲೇ ಇದ್ದರು. ಅಜ್ಜ ಜಗಲಿಯಲ್ಲಿ ಕಾಲು ಚಾಚಿ, ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು, ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದರು.

ಪುಟ್ಟಿ ನನ್ನನ್ನು ನೋಡಿ ಒಳಗೆ ಓಡಿದಳು. ಸ್ವಲ್ಪ ಹೊತ್ತಿಗೆ ಬಾಗಿಲ ಮರೆಯಿಂದ ಇಣುಕಿದಳು. ಅಜ್ಜ ಅವಳನ್ನು ಕರೆದು ಕೂರಿಸಿಕೊಂಡರು. ಅವರು ಎರಡನೇತ್ತಿವರೆಗೆ ಓದಿದ್ದು ಮರಾಠಿ ಶಾಲೆಯಲ್ಲಂತೆ. ಈ ಜಿಲ್ಲೆ 1956ರವರೆಗೆ ಮುಂಬೈ ರಾಜ್ಯದಲ್ಲಿ ಇತ್ತಲ್ಲ, ಮರಾಠಿ ಶಾಲೆಗಳು ಇಲ್ಲಿ ಆಮೇಲೂ ಉಳಿದಿದ್ದವು. "ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಮರಾಠಿ. ಮಾಸ್ತರು ಹೇಳಿದ್ದು ಅರ್ಧ ತಿಳಿತಿತ್ತು, ಅರ್ಧ ಇಲ್ಲ. ಬಲೆ ಎಳೆಯೋಕೆ ಹೋದೆ, ಅಲ್ಲಿ ಎಲ್ಲ ತಿಳಿತಿತ್ತು" ಅಂದರು. ಬೇಜಾರಿನಿಂದ ಹೇಳಿದ್ದಲ್ಲ. ಕೈ ಹೆಣೆಯುತ್ತಲೇ ಇತ್ತು. ನನಗೆ ಮಾತ್ರ ಮುಂದೆ ಏನು ಮಾತಾಡಬೇಕು ಅಂತ ಹೊಳೆಯಲಿಲ್ಲ.

ಗರಗಸದ ಮಾತು ತೆಗೆದೆ. ಅಜ್ಜನ ಮುಖ ಅರಳಿತು. ಅವರು ಸಣ್ಣವರಿದ್ದಾಗ ಒಂದು ಮೀನು ಬಲೆಗೆ ಬರುತ್ತಿತ್ತಂತೆ. ಮೂತಿ ಉದ್ದಕ್ಕೆ, ಚಪ್ಪಟೆ, ಎರಡೂ ಅಂಚಿಗೆ ಹಲ್ಲು, ಥೇಟ್ ಕರ್ವತದ ಹಾಗೆ. ಬಲೆಯನ್ನು ಹರಿದು ಹಾಕಿಬಿಡುತ್ತಿತ್ತು ಅಂದರು. ತೋಳು ಚಾಚಿ ಅದರ ಮೂತಿಯ ಉದ್ದ ತೋರಿಸಿದರು. ಈಗ ಬರೋದೇ ಇಲ್ಲ, ಮಗನಿಗೆ ಕೂಡ ನೋಡಿ ಗೊತ್ತಿಲ್ಲ. ನನಗೆ ತಕ್ಷಣ ತಿಳಿಯಿತು, ಕನ್ನಡದಲ್ಲಿ ಅದಕ್ಕೆ ಗರಗಸ ಮೀನು ಅಂತಲೇ ಹೆಸರು. ಅಳಿದುಹೋಗುತ್ತಿರುವ ಮೀನು ಅದು. ಹುಲಿ, ಆನೆಗಳ ಹಾಗೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹಿಡಿಯುವ ಹಾಗಿಲ್ಲ. ಫೋನ್‌ನಲ್ಲಿ ಚಿತ್ರ ಹುಡುಕಿ ತೋರಿಸಿದೆ. ಅಜ್ಜ ಬಲೆ ಕೆಳಗಿಟ್ಟು, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತುಂಬಾ ಹೊತ್ತು ನೋಡಿದರು. ಪುಟ್ಟಿ ಅವರ ಭುಜದ ಮೇಲೆ ಗದ್ದ ಇಟ್ಟುಕೊಂಡು ನೋಡಿದಳು.

ಹೊರಡುವಾಗ ಅವಳಮ್ಮ ಅಂಗಳದವರೆಗೆ ಬಂದರು. ಮೀನು ಮಾರೋಕೆ ಪೇಟೆಗೆ ಹೋಗುವವರು. ಕಳೆದ ವರ್ಷ ಕೈಕೂಸು ಇತ್ತು, ಅದನ್ನು ನೋಡಿಕೊಳ್ಳೋಕೆ ಪುಟ್ಟಿಯನ್ನೇ ಮನೆಯಲ್ಲಿ ನಿಲ್ಲಿಸಿದ್ದರಂತೆ. ನಾವು ಯಾರೂ ಕೇಳದೇ ಇದ್ದ ಕಾರಣ ಅದು. ದನಿ ಇಳಿಸಿ ಕೇಳಿದರು, "ಇವಳಿಗೆ ಕನ್ನಡ ಬರೋದಿಲ್ಲ ಅಂತಾರೆ. ಇಂಗ್ಲಿಷ್ ಶಾಲೆಗೆ ಹಾಕೋದೇ ಒಳ್ಳೇದಾ ಅಕ್ಕೋರೇ?"

ನನಗೆ ಎದೆ ಚುರ್ ಅಂತು. ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ಬೆಳಿಗ್ಗೆ ಆ ದಾರಿಯಲ್ಲೇ ಹೋಗುತ್ತದೆ. ಮಕ್ಕಳನ್ನು ಅದಕ್ಕೆ ಹತ್ತಿಸುವ ಅಪ್ಪ ಅಮ್ಮಂದಿರನ್ನು ನಾನು ಬೈಯೋದಿಲ್ಲ. ಆದರೆ ಕನ್ನಡವೇ ದೂರ ಅನ್ನಿಸಿದ ಮಗುವನ್ನು ಇನ್ನೂ ದೂರದ ಭಾಷೆಗೆ ಕಳಿಸುವ ಯೋಚನೆ ಆ ತಾಯಿಗೆ ಬಂದದ್ದು ಸುಮ್ಮನೆ ಅಲ್ಲ. ಮಗಳು ದಿನಾ ಸಂಜೆ ಮನೆಗೆ ಬಂದು ಏನೂ ಹೇಳೋದಿಲ್ಲ. ಹೇಳುವಂಥದ್ದು ನಾವು ಏನು ಕೊಟ್ಟು ಕಳಿಸಿದ್ದೇವೆ? 'ಅಲ್ಲ ಅಲ್ಲ, ಮುಂದಿನ ಕಾರ್ಡ್ ತಗೋ' ಅಂದದ್ದನ್ನು ಅವಳು ಅಮ್ಮನಿಗೆ ಹೇಗೆ ಹೇಳಬೇಕು?

"ಅವಳಿಗೆ ಬರ್ತದೆ. ನನಗೇ ಕೊಂಕಣಿ ಬರೋದಿಲ್ಲ. ಡಿಸೆಂಬರ್ ತನಕ ಕಾಯಿರಿ" ಅಂದೆ. ಅವರು ತಲೆ ಆಡಿಸಿದರು. ಒಪ್ಪಿದರೋ, ಮರ್ಯಾದೆಗೆ ಆಡಿಸಿದರೋ ತಿಳಿಯಲಿಲ್ಲ.

ವಾಪಸ್ ಬರುವಾಗ ದಾರಿ ಪೂರ್ತಿ ಅದೇ. ಕಾರವಾರ, ಅಂಕೋಲಾ ಕಡೆಯ ಮಕ್ಕಳ ಬಗ್ಗೆ ಘಟ್ಟದ ಮೇಲೆ ನಾವೆಲ್ಲ ಹಗುರವಾಗಿ ಒಂದು ಮಾತು ಆಡುತ್ತೇವೆ, 'ಅವರ ಕನ್ನಡ ಅಷ್ಟಕ್ಕಷ್ಟೇ' ಅಂತ. ನಾನೂ ಆಡಿದ್ದೇನೆ. ಆ ಮಕ್ಕಳು ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಟಿವಿಯಲ್ಲಿ ಹಿಂದಿ ಕೇಳುತ್ತಾರೆ. ಏಳು ವರ್ಷಕ್ಕೆ ಮೂರು ಭಾಷೆಯ ಸದ್ದು ಕಿವಿಯಲ್ಲಿದೆ. ಕೊಂಕಣಿ 1992ರಲ್ಲೇ ಸಂವಿಧಾನದ ಎಂಟನೇ ಅನುಸೂಚಿಗೆ ಸೇರಿದ ಭಾಷೆ. ಅಂಥ ಭಾಷೆಯ ಪದವೊಂದು ತರಗತಿಯ ಬಾಗಿಲಲ್ಲಿ ಬಂದು ನಿಂತರೆ, ಒಳಗೆ ಬಾ ಅನ್ನೋಕೆ ನಮಗೆ ಯಾರ ಆದೇಶ ಬೇಕು? ಕನ್ನಡಕ್ಕೆ ಅದರಿಂದ ಕಡಿಮೆ ಆಗೋದು ಏನೂ ಇಲ್ಲ. ಕರ್ವತದ ಕೈ ಹಿಡಿದುಕೊಂಡೇ ಅಲ್ವಾ ಗರಗಸ ಅವತ್ತು ಆ ಮಕ್ಕಳ ಹತ್ತಿರ ಬಂದದ್ದು.

ಶುಕ್ರವಾರ ಪುಟ್ಟಿ ತರಗತಿಗೆ ಮೀನಿನ ಕತೆ ಹೇಳಿದಳು. ನಾನು ಕೇಳಿರಲಿಲ್ಲ, ಅವಳೇ ಎದ್ದು ಬಂದಳು. ಅರ್ಧ ಕೊಂಕಣಿ, ಅರ್ಧ ಕನ್ನಡ. ಅಜ್ಜ ತೋಳು ಚಾಚಿದ ಹಾಗೇ ತೋಳು ಚಾಚಿದಳು. ಗದಗದ ಹುಡುಗ, "ಅಷ್ಟ ಉದ್ದ ಗರಗಸ ಇರತದೇನ ಮೀನಿಗೆ?" ಅಂತ ಬಾಯಿ ತೆರೆದು ಕೂತಿದ್ದ.

ಶನಿವಾರ ಬೆಳಗಿನ ಶಾಲೆ. ದೊಡ್ಡ ಅಕ್ಕೋರು ಬಂದರು. ಪ್ರಗತಿ ನೋಟದ ಹತ್ತಿರ ಹೋಗಿ ಪುಟ್ಟಿಯ ಹೆಸರಿನ ಮುಂದಿನ ಗುರುತು ನೋಡಿ, "ದಾಟಿದ್ಲು!" ಅಂತ ಖುಷಿಪಟ್ಟರು. ನಾನು ಸೋಮವಾರದಿಂದ ನಡೆದದ್ದೆಲ್ಲ ಹೇಳಿದೆ. ಕೈಕೂಸಿನ ವಿಷಯ ಕೂಡ. ಅವರು ಕುರ್ಚಿ ಮೇಲೆ ಕೂತುಬಿಟ್ಟರು. "ಆರು ವರ್ಷ ಆತು ನಾ ಇಲ್ಲಿ ಬಂದು. ನಾನೂ ಆಕೀನ ಕೇಳೇ ಇಲ್ಲ ನೋಡ್ರಿ" ಅಂದರು. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಹೊರಗೆ ಬಿಡುವಿನ ಗಲಾಟೆ. ಪುಟ್ಟಿ ಒಬ್ಬಳೇ ಒಳಗಿದ್ದಳು, ತನ್ನ ಗೋಡೆ ಹಲಗೆ ಮುಂದೆ ಮೊಣಕಾಲೂರಿ ಏನೋ ಬರೆಯುತ್ತಿದ್ದಳು. ನಾನು ಹತ್ತಿರ ಹೋದೆ. 'ಅದ' ಅಂತ ಬರೆದು ನಿಂತಿದ್ದಳು. ಸೀಮೆಸುಣ್ಣ ಹಲಗೆಗೆ ಮುಟ್ಟಿಸಿಕೊಂಡೇ ನನ್ನ ಕಡೆ ತಿರುಗಿದಳು.

"ಆದೊಳಿ ಬರೀಬೇಕು. ಮುಂದಿಂದು ನಂಗೆ ಬರೋದಿಲ್ಲ ಅಕ್ಕೋರೇ."

ಅವಳಿಗೆ ಬರುವ ಐದು ಅಕ್ಷರದಲ್ಲಿ ಎರಡು ಅದರಲ್ಲಿ ಇದ್ದವು. ದೀರ್ಘ ಆ, ಒತ್ವ, ಗುಡಿಸು, ಎಲ್ಲ ಏಣಿಯಲ್ಲಿ ಇನ್ನೂ ತುಂಬಾ ಮೇಲಿವೆ. ಳ ಅಂತೂ ಬಹಳ ದೂರ. ನಾನು ಅವಳ ಪಕ್ಕ ನೆಲದ ಮೇಲೆ ಕೂತೆ. ಅವಳ ಕೈ ಮೇಲೆ ಕೈ ಇಟ್ಟು ಳ ತಿದ್ದಿಸಿದೆ.